ಲಿಫ್ಟ್ ಡಾಕ್ಟರರ ಇಂಗ್ಲಿಷ್ ಪಾಠ

ನನ್ನ ಗಂಡನಿಗೆ ಇಂಗ್ಲಿಷ್ ಬರುವುದಿಲ್ಲ ಎಂದು ನಮ್ಮ ಬೀದಿಗೆಲ್ಲ ಗೊತ್ತಾದದ್ದು ನನ್ನ ಗಂಟಲಿನಿಂದ. ನಾನೇನೂ ಡಂಗುರ ಸಾರಲಿಲ್ಲ. ಸಂಜೆ ಒಲೆಯ ಮುಂದೆ ನಿಂತು ಪಾಠ ಹೇಳಿಕೊಟ್ಟೆ, ಅಷ್ಟೆ. ನನ್ನ ದನಿ ಹುಟ್ಟಿದಾಗಿನಿಂದ ದೊಡ್ಡದು. ಅದಕ್ಕೆ ಸಿಟ್ಟೂ ಸೇರಿಬಿಟ್ಟರೆ ಕೇಳುವುದೇ ಬೇಡ. "ಐ ಕ್ಯಾನ್ ರಿಪೇರ್ ದಿ ಡೋರ್. ಹೇಳ್ರೀ!" ಎಂದು ನಾನು ಕೂಗಿದರೆ ಎದುರು ಮನೆಯ ದರ್ಜಿ ಹೊಲಿಗೆ ಯಂತ್ರ ನಿಲ್ಲಿಸಿ "ಐ ಕ್ಯಾನ್ ರಿಪೇರ್ ದಿ ಡೋರ್" ಎನ್ನುತ್ತಿದ್ದ. ಪಕ್ಕದ ಮನೆಯಲ್ಲಿ ಪಾತ್ರೆ ತೊಳೆಯುವವಳೂ ಹೇಳುತ್ತಿದ್ದಳು. ಹೇಳದೆ ಕೂತಿರುತ್ತಿದ್ದವರು ಒಬ್ಬರೇ, ಯಾರಿಗಾಗಿ ನಾನು ಅಷ್ಟು ಗಂಟಲು ಹರಿದುಕೊಳ್ಳುತ್ತಿದ್ದೆನೋ ಅವರು.

ನಮ್ಮವರು ಲಿಫ್ಟ್ ರಿಪೇರಿ ಮಾಡುವವರು. ಅವರು ಕೆಲಸಕ್ಕಿದ್ದ ಕಂಪನಿಯನ್ನು ದೂರದ ದೊಡ್ಡ ಕಂಪನಿಯೊಂದು ಕೊಂಡುಕೊಂಡಿತು. ಹೊಸಬರು ಬಂದವರೇ ಹೊಸ ಕಾನೂನು ತಂದರು. ಲಿಫ್ಟಿನ ಕೆಲಸಕ್ಕೆ ಕೈ ಹಾಕುವ ಪ್ರತಿಯೊಬ್ಬನೂ ಇಂಗ್ಲಿಷಿನಲ್ಲಿ ಬಾಯಿ ಪರೀಕ್ಷೆ ಕೊಡಬೇಕು. ನಿನ್ನೆ ಏನು ಮಾಡಿದೆ, ಈಗ ಏನು ಮಾಡುತ್ತಿದ್ದೀಯ, ನಾಳೆ ಏನು ಮಾಡುತ್ತೀಯ, ನಿನ್ನಿಂದ ಏನು ಆಗುತ್ತದೆ, ಏನು ಆಗುವುದಿಲ್ಲ. ಕೇಳುವುದು ಇಷ್ಟೇ. ಪಾಸಾದವನಿಗೆ ಹಸಿರು ಕಾರ್ಡು. ಆಗದವನಿಗೆ ಇನ್ನೊಂದು ಅವಕಾಶ. ಅದರಲ್ಲೂ ಆಗದಿದ್ದರೆ ಮನೆ ದಾರಿ.

ಐವತ್ತು ದಾಟಿದ ಮನುಷ್ಯ. ಸಣ್ಣ ಪ್ರಾಯದಲ್ಲಿ ಗ್ರೀಸ್ ಡಬ್ಬ ಹೊತ್ತುಕೊಂಡು ಈ ಕೆಲಸಕ್ಕೆ ಸೇರಿದವರು. ಶಾಲೆಯಲ್ಲಿ ಇಂಗ್ಲಿಷ್ ಮೇಷ್ಟ್ರು ಬಂದರೆ ಹಿಂದಿನ ಬಾಗಿಲಿಂದ ಓಡುತ್ತಿದ್ದರಂತೆ. ಹಾಗೆಂದು ನನ್ನ ಅತ್ತೆಯೇ ಹೇಳುತ್ತಾರೆ, ಮಗನ ಮುಂದೆಯೇ.

ಆದರೆ ಕೆಲಸದಲ್ಲಿ ಅವರಿಗೆ 'ಡಾಕ್ಟರ್' ಎಂದು ಹೆಸರಿತ್ತು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುತ್ತಿರುವ ಮೋಟಾರಿಗೆ ಒತ್ತಿ, ಅದರ ಹಿಡಿಯನ್ನು ಕಿವಿಗೆ ಆನಿಸಿ, ಕಣ್ಣು ಮುಚ್ಚಿ ಕೂರುತ್ತಿದ್ದರು. ಆಮೇಲೆ "ಎಡಗಡೆ ಬೇರಿಂಗ್ ಸವೆದಿದೆ" ಎನ್ನುತ್ತಿದ್ದರು. ಬಿಚ್ಚಿ ನೋಡಿದರೆ ಸವೆದಿರುತ್ತಿತ್ತು. ಮದುವೆಯಾದ ಹೊಸದರಲ್ಲಿ ನನ್ನ ಹೊಲಿಗೆ ಯಂತ್ರಕ್ಕೂ, ನೀರಿನ ಪಂಪಿಗೂ ಹಾಗೆ ಕಿವಿಗೊಟ್ಟು ಕಾಯಿಲೆ ಹೇಳಿದ್ದರು. "ನನಗೂ ಸ್ವಲ್ಪ ಕಿವಿಗೊಡಿ" ಎಂದು ನಾನು ಛೇಡಿಸಿದರೆ "ನಿನಗೆ ಸ್ಕ್ರೂಡ್ರೈವರ್ ಬೇಕಾಗಿಲ್ಲ, ಮೂರನೇ ಬೀದಿಗೂ ಕೇಳಿಸುತ್ತೆ" ಎಂದು ನಗುತ್ತಿದ್ದರು. ಮಾತು ಕಡಿಮೆ, ಆಡಿದರೆ ಹೀಗೆ.

ಇತ್ತೀಚೆಗೆ ಒಂದು ಹೊಸ ಅಭ್ಯಾಸ ಶುರುವಾಗಿತ್ತು. ನಾನು ಮಾತಾಡುವಾಗ ಅವರು ನನ್ನ ಮುಖದಿಂದ ಕಣ್ಣು ತೆಗೆಯುತ್ತಿರಲಿಲ್ಲ. ಈ ವಯಸ್ಸಿನಲ್ಲಿ ಗಂಡನಿಗೆ ಹೆಂಡತಿಯ ಮುಖ ನೋಡುವ ಆಸೆ ಹೊಸದಾಗಿ ಹುಟ್ಟಿದೆ ಎಂದುಕೊಂಡು ನಾನು ಕನ್ನಡಿಯ ಮುಂದೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲತೊಡಗಿದ್ದೆ. ನಗಬೇಡಿ. ಯಾವ ಹೆಂಗಸಾದರೂ ಹಾಗೇ ಅಂದುಕೊಳ್ಳುತ್ತಿದ್ದಳು.

ಪಾಠಕ್ಕೆ ಬೇರೆ ಯಾರೂ ಸಿಗಲಿಲ್ಲ, ನಾನೇ ನಿಂತೆ. ಹಲ್ಲಿನ ಡಾಕ್ಟರೊಬ್ಬರ ಕ್ಲಿನಿಕ್ಕಿನಲ್ಲಿ ನನಗೆ ಕೆಲಸ. ಬಂದವರ ಹೆಸರು ಬರೆದುಕೊಳ್ಳುವುದು, ಫೋನು ಎತ್ತುವುದು, ಒಳಗೆ ಕರೆದಾಗ ಹೋಗಿ ದೀಪ ಹಿಡಿಯುವುದು. ಅಲ್ಲಿಗೆ ಬರುವ ತರಹೇವಾರಿ ಜನರ ಜೊತೆ ಮಾತಾಡಿ ಮಾತಾಡಿ ನನ್ನ ಇಂಗ್ಲಿಷ್ ಒಂದು ಹದಕ್ಕೆ ಬಂದಿತ್ತು. ಬಾಯಿ ತೆರೆಯಿರಿ, ನೋವಿದೆಯಾ, ಅಗಿಯೋಕೆ ಆಗುತ್ತಾ. ಎದುರಿಗಿರುವವರು ಬಾಯಿ ತೆರೆದುಕೊಂಡೇ ಇರುವುದರಿಂದ ನನ್ನ ತಪ್ಪು ತಿದ್ದುವವರು ಯಾರೂ ಇರಲಿಲ್ಲ. ಹಾಗಾಗಿ ಧೈರ್ಯ ಬೆಳೆದಿತ್ತು.

ಅವರ ಕೆಲಸವನ್ನೇ ಮೂರು ಕಾಲಕ್ಕೆ ತಿರುಗಿಸಿ ತಿರುಗಿಸಿ ಹೇಳಿಸುತ್ತಿದ್ದೆ. "ಯೆಸ್ಟರ್ಡೇ ಐ ಆಯಿಲ್ಡ್ ದಿ ರೋಪ್. ನೌ ಐ ಆಮ್ ಆಯಿಲಿಂಗ್ ದಿ ರೋಪ್. ಟುಮಾರೋ ಐ ವಿಲ್ ಆಯಿಲ್ ದಿ ರೋಪ್." ಅಂದರೆ ನಿನ್ನೆ ಹಗ್ಗಕ್ಕೆ ಎಣ್ಣೆ ಹಾಕಿದೆ, ಈಗ ಹಾಕುತ್ತಿದ್ದೇನೆ, ನಾಳೆಯೂ ಹಾಕುತ್ತೇನೆ ಎಂದು ಅತ್ತೆಗೆ ಬಿಡಿಸಿ ಹೇಳಿದೆ.

"ಮೂರು ದಿನಾನೂ ಎಣ್ಣೆ ಹಾಕಿದ್ರೆ ಹಗ್ಗ ಜಾರಿಹೋಗಲ್ವೇನೇ? ನಡುವೆ ಒಂದಿನ ರಜ ಕೊಡು" ಎಂದರು ಅತ್ತೆ.

"ಅತ್ತೆ, ನೀವು ಸುಮ್ನಿರಿ. ಐ ಕುಡ್ ಕ್ಲೈಂಬ್ ಫಾಸ್ಟ್ ವೆನ್ ಐ ವಾಸ್ ಯಂಗ್. ಹೇಳ್ರೀ. ಚಿಕ್ಕೋನಿದ್ದಾಗ ಬೇಗ ಹತ್ತೋಕೆ ಆಗ್ತಿತ್ತು."

"ಹತ್ತೋಕೆ ಆಗ್ತಿತ್ತು, ಇಳಿಯೋಕೆ ಆಗ್ತಿರ್ಲಿಲ್ಲ. ಮರದ ಮೇಲೆ ಕೂತು ಅಳ್ತಿದ್ದ. ಅದನ್ನೂ ಇಂಗ್ಲಿಷ್‌ನಲ್ಲಿ ಹೇಳ್ಸು."

ಹೀಗೆ ನಗುನಗುತ್ತಾ ನಡೆಯಬೇಕಾದ ಪಾಠ. ಆದರೆ ಪರೀಕ್ಷೆಯ ದಿನ ಹತ್ತಿರ ಬರುತ್ತಿತ್ತು, ಇವರ ರೀತಿ ಮಾತ್ರ ನನಗೆ ಅರ್ಥವೇ ಆಗುತ್ತಿರಲಿಲ್ಲ. ಎದುರಿಗೆ ಕೂರಿಸಿಕೊಂಡು ಕೇಳಿದರೆ ಪಟಪಟನೆ ಉತ್ತರ ಬರುತ್ತಿತ್ತು, ಕಾಲವೂ ಸರಿ, ಪದವೂ ಸರಿ. ಅದೇ ಪ್ರಶ್ನೆಯನ್ನು ನಾನು ಒಲೆಯ ಕಡೆ ತಿರುಗಿಕೊಂಡು ಕೇಳಿದರೆ ಕಲ್ಲಿನ ಹಾಗೆ ಸುಮ್ಮನೆ. ಇಲ್ಲವೇ ಸಂಬಂಧವೇ ಇಲ್ಲದ ಉತ್ತರ. ಕುಕ್ಕರ್ ಸೀಟಿ ಮೇಲೆ ಸೀಟಿ ಹೊಡೆದರೂ ಎದ್ದು ಉರಿ ಸಣ್ಣ ಮಾಡುತ್ತಿರಲಿಲ್ಲ. "ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯ್ತು ನನ್ನ ಪಾಡು! ಮನಸ್ಸು ಎಲ್ಲಿಟ್ಟಿದ್ದೀರಿ?" ಎಂದು ನಾನು ಸೌಟು ಕುಟ್ಟುತ್ತಿದ್ದೆ. ಅವರು ತಲೆ ತಗ್ಗಿಸಿ, "ಈ ತಲೆಗೆ ಇಂಗ್ಲಿಷ್ ಹತ್ತಲ್ಲ ಕಣೇ" ಎನ್ನುತ್ತಿದ್ದರು.

ಒಂದು ಸಂಜೆ ಹೀಗೆ ಎದುರುಬದುರು ಕೂತಿದ್ದೆವು. ನಾನು ಬೀನ್ಸ್ ಮುರಿಯುತ್ತಾ ಕಂಪನಿ ಕೊಟ್ಟಿದ್ದ ಪ್ರಶ್ನೆಗಳನ್ನು ಒಂದೊಂದಾಗಿ ಕೇಳುತ್ತಿದ್ದೆ.

"ಕ್ಯಾನ್ ಯು ರೀಡ್ ದಿ ಡ್ರಾಯಿಂಗ್?"

"ಯೆಸ್, ಐ ಕ್ಯಾನ್."

"ಕ್ಯಾನ್ ಯು ಲಿಫ್ಟ್ ದಿ ಮೋಟಾರ್ ಅಲೋನ್?"

"ನೋ, ಐ ಕೆನಾಟ್."

ಆಗ ಕರೆಂಟು ಹೋಯಿತು. ಕಣ್ಣು ಕಿತ್ತಿಟ್ಟಂಥ ಕತ್ತಲೆ. ಬಾಯಿಗೆ ಕರೆಂಟು ಬೇಕಿಲ್ಲವಲ್ಲ ಎಂದುಕೊಂಡು ನಾನು ಪಾಠ ನಿಲ್ಲಿಸಲಿಲ್ಲ. ಮುಂದಿನ ಪ್ರಶ್ನೆ ಕೇಳಿದೆ.

"ಕ್ಯಾನ್ ಯು ಹಿಯರ್ ಮಿ?" ನಾನು ಹೇಳೋದು ಕೇಳಿಸುತ್ತಾ?

ಉತ್ತರವಿಲ್ಲ.

"ಕ್ಯಾನ್ ಯು ಹಿಯರ್ ಮಿ? ರೀ!"

"ಯೆಸ್, ಐ ಕ್ಯಾನ್!" ಎಂದು ಒಳಕೋಣೆಯಿಂದ ಅತ್ತೆ ಕೂಗಿದರು. ದಿನಾ ಕೇಳಿ ಕೇಳಿ ಅವರಿಗೆ ಬಾಯಿಪಾಠವಾಗಿತ್ತು. ನನಗೆ ನಗು ಬಂತು. "ನೋಡ್ರೀ, ನಿಮ್ಮಮ್ಮ ಪಾಸಾದ್ರು" ಎಂದೆ. ಅವರು ನಗಲಿಲ್ಲ. ಅವರ ಉಸಿರಾಟ ನನಗೆ ಕೇಳಿಸುತ್ತಿತ್ತು, ನನ್ನಿಂದ ಒಂದು ಮೊಳ ದೂರದಲ್ಲಿ. "ರೀ... ಇದ್ದೀರಾ? ಯಾಕೆ ಮಾತಾಡ್ತಿಲ್ಲ?" ಎಂದೆ. ಮತ್ತೆ ಕೇಳಿದೆ. ಏನಾದರೂ ಆಗಿಹೋಯಿತೇನೋ ಎಂದು ಕೈ ಚಾಚುವಷ್ಟರಲ್ಲಿ ದೀಪ ಬಂತು.

ಅವರು ಕೂತಲ್ಲೇ ಕೂತಿದ್ದರು. ಮುಖದಲ್ಲಿ ಸಣ್ಣ ನಗೆ ಇಟ್ಟುಕೊಂಡು, ನನ್ನ ಮುಖ ಇರಬಹುದಾದ ಜಾಗವನ್ನೇ ನೋಡುತ್ತಿದ್ದರು. ನನ್ನನ್ನು ಕಂಡೊಡನೆ, ಯಾವುದಕ್ಕೂ ಇರಲಿ ಎಂಬಂತೆ, "ಯೆಸ್, ಐ ಕ್ಯಾನ್" ಎಂದರು.

ನಾನು ಬೀನ್ಸ್ ತಟ್ಟೆ ಕೆಳಗಿಟ್ಟು ಎದ್ದೆ. ಅವರ ಬೆನ್ನ ಹಿಂದೆ ಹೋಗಿ ನಿಂತು, ಮಾಮೂಲಿ ದನಿಯಲ್ಲಿ "ಮನೆಗೆ ಬೆಂಕಿ ಬಿದ್ದಿದೆ" ಎಂದೆ. ಅವರು ತಟ್ಟೆಯಿಂದ ಒಂದು ಬೀನ್ಸ್ ತೆಗೆದು ಮುರಿದರು. ಅವರು ಇಷ್ಟು ದಿನ ನೋಡುತ್ತಿದ್ದದ್ದು ನನ್ನ ಮುಖವನ್ನಲ್ಲ, ನನ್ನ ತುಟಿಯನ್ನು.

ಅವರ ಮುಂದೆ ಬಂದು ಕೂತು ಕೇಳಿದೆ. "ಎಷ್ಟು ದಿನದಿಂದ?"

ಮೊದಲು ಏನಿಲ್ಲ ಎಂದರು. ಆಮೇಲೆ ನನ್ನ ಕಣ್ಣಲ್ಲಿ ನೀರು ನೋಡಿ ಮೆತ್ತಗಾದರು.

"ಸ್ವಲ್ಪ ಸ್ವಲ್ಪವಾಗಿ ಹೋಯ್ತು. ಹಾರನ್ ಕೇಳಿಸುತ್ತೆ, ಡಬ್ಬ ಬಿದ್ರೆ ಕೇಳಿಸುತ್ತೆ. ಮಾತು ಮಾತ್ರ ನೀರೊಳಗೆ ಆಡಿದ ಹಾಗೆ. ಈಗ ಕತ್ತಲಲ್ಲಿ ಏನೋ ಗುಂಯ್ ಅಂತಿತ್ತು, ಅಮ್ಮನ ಹತ್ರ ಮಾತಾಡ್ತಿದ್ದೀಯ ಅನ್ಕೊಂಡೆ."

ನನಗೆ ಹೇಳದೆ ಕಿವಿ ಡಾಕ್ಟರ ಹತ್ತಿರ ಹೋಗಿ ಬಂದಿದ್ದರು. ಮೋಟಾರಿನ ಸದ್ದಿಗೆ ಕಿವಿಯ ನರ ಸವೆದಿದೆ ಎಂದಿದ್ದರಂತೆ. ಕಿವಿಗೆ ಹಾಕುವ ಯಂತ್ರವನ್ನೂ ಹಾಕಿ ನೋಡಿದ್ದರು. ಮೆಷಿನ್ ರೂಮಿನಲ್ಲಿ ಮೋಟಾರಿನ ಸದ್ದೇ ಹತ್ತು ಪಾಲಾಗಿ ಕೇಳಿತೇ ಹೊರತು ಮಾತು ತಿಳಿಯಲಿಲ್ಲವಂತೆ.

"ಅಲ್ರೀ, ದಿನಾ ನನ್ನ ಹತ್ರ ದಡ್ಡ, ಕೋಣ ಅಂತ ಬೈಸ್ಕೊಂಡ್ರಲ್ಲ! ಒಂದು ಮಾತು ಹೇಳ್ಬಾರ್ದಾ?"

"ದಡ್ಡ ಅಂದ್ರೆ ಇನ್ನೊಂದ್ಸಲ ಬಾ ಅಂತಾರೆ. ಕಿವುಡ ಅಂದ್ರೆ ಇನ್ನು ಬರಬೇಡ ಅಂತಾರೆ" ಎಂದರು ಅವರು.

ಆ ಮಾತಿಗೆ ನನ್ನ ಸಿಟ್ಟೆಲ್ಲ ಇಳಿದು ಅಳು ಬಂತು. ಅವರ ಕೈ ಹಿಡಿದು ಕೂತೆ. ಅಷ್ಟರಲ್ಲಿ ನನ್ನ ತಮ್ಮನ ನೆನಪಾಯಿತು. ಹಿಡಿದ ಕೈ ಬಿಟ್ಟೆ.

ನನ್ನ ತಮ್ಮ ಕೆಲಸ ಮಾಡುವುದು ಇವರ ಜೊತೆಗೇ. ಇವರೇ ಕರೆದುಕೊಂಡು ಹೋಗಿ ಕಲಿಸಿದವರು. ಹಳೆಯ ಕಟ್ಟಡಗಳ ಹಳೆಯ ಲಿಫ್ಟುಗಳೇ ಇವರಿಬ್ಬರ ಪಾಲಿಗೆ. ಲಿಫ್ಟು ಓಡಾಡುವ ಬಾವಿಯಂಥ ಜಾಗಕ್ಕೆ ಶಾಫ್ಟ್ ಎನ್ನುತ್ತಾರೆ. ತಮ್ಮ ಆ ಕತ್ತಲಲ್ಲಿ, ಲಿಫ್ಟಿನ ನೆತ್ತಿಯ ಮೇಲೆ ನಿಂತು ಕೆಲಸ ಮಾಡುತ್ತಾನೆ. ಇವರು ಕಟ್ಟಡದ ತುದಿಯಲ್ಲಿರುವ ಮೆಷಿನ್ ರೂಮಿನಲ್ಲಿ ನಿಂತು, ಅವನು ಕೂಗಿ ಹೇಳಿದಂತೆ ಲಿಫ್ಟನ್ನು ಕೈಯಿಂದ ಚಕ್ರ ತಿರುಗಿಸಿ ಹತ್ತಿಸುತ್ತಾರೆ, ಇಳಿಸುತ್ತಾರೆ. ಅವರ ಕೆಲಸದಲ್ಲಿ 'ಮರುಮಾತು' ಎಂದು ಒಂದು ಕಟ್ಟಳೆ ಇದೆ. ಕೆಳಗಿನವನು "ಹತ್ತಿಸು" ಎಂದರೆ ಮೇಲಿನವನು "ಹತ್ತಿಸ್ತೀನಿ" ಎಂದು ತಿರುಗಿ ಹೇಳಬೇಕು. ಆಮೇಲೆಯೇ ಚಕ್ರ ಮುಟ್ಟಬೇಕು. "ನಿಲ್ಲಿಸು" ಎಂಬುದಕ್ಕೆ ಮಾತ್ರ ಮರುಮಾತಿಲ್ಲ. ಕೇಳಿಸಿದ ಕ್ಷಣ ನಿಲ್ಲಿಸಬೇಕು, ಇಲ್ಲದಿದ್ದರೆ ನೆತ್ತಿಯ ಮೇಲೆ ನಿಂತವನು ಮೇಲಿನ ತೊಲೆಗೆ ಸಿಕ್ಕಿ ಅಪ್ಪಚ್ಚಿಯಾಗುತ್ತಾನೆ. ಇದನ್ನೆಲ್ಲ ನನಗೆ ಹೇಳಿದವರು ಇವರೇ, ಹೆಮ್ಮೆಯಿಂದ.

ಮುಂದಿನ ರಜೆಯ ದಿನ ತಮ್ಮ ಮನೆಗೆ ಬಂದ. ಚಪ್ಪಲಿ ಬಿಡುವ ಮೊದಲೇ ಅವನ ಕೈ ಹಿಡಿದು ಹಿತ್ತಲಿಗೆ ಎಳೆದುಕೊಂಡು ಹೋದೆ.

"ನಿಮ್ಮ ಭಾವನಿಗೆ ಕಿವಿ ಕೇಳಿಸಲ್ಲ. ನಿನಗೆ ಗೊತ್ತಿತ್ತಾ?"

ಅವನು ಒಣಗಲು ಹಾಕಿದ ಬಟ್ಟೆಯ ಕಡೆ ನೋಡಿದ. ಗೊತ್ತಿತ್ತು.

"ಮತ್ತೆ ಕೂಗಿದ್ದು ಹೇಗೋ ಕೇಳಿಸ್ಕೊತಾರೆ?"

"ಕೂಗಲ್ಲ ಅಕ್ಕ. ಮಿಸ್ಡ್ ಕಾಲ್ ಕೊಡ್ತೀನಿ. ಫೋನು ಭಾವನ ಅಂಗಿ ಜೇಬಲ್ಲಿರುತ್ತೆ. ಒಂದ್ಸಲ ಗುರ್ ಅಂದ್ರೆ ಹತ್ತಿಸ್ತಾರೆ, ಇನ್ನೊಂದ್ಸಲ ಗುರ್ ಅಂದ್ರೆ ನಿಲ್ಲಿಸ್ತಾರೆ. ಎದೆಗೇ ತಾಗಿರುತ್ತಲ್ಲ, ಗೊತ್ತಾಗುತ್ತೆ."

"ಆ ಬಾವಿಯೊಳಗೆ ಸಿಗ್ನಲ್ ಸಿಗುತ್ತೇನೋ?"

"ಒಂದೊಂದ್ ಕಡೆ ಸಿಗುತ್ತೆ."

"ಅಯ್ಯೋ ಪಾಪಿ! ಒಂದೊಂದ್ ಕಡೆ! ಸಿಗದೇ ಇರೋ ಕಡೆ ಏನ್ಮಾಡ್ತೀಯಾ? ತೊಲೆಗೆ ತಲೆ ಕೊಟ್ಟು ಲೈನ್ ಬ್ಯುಸಿ ಇದೆ ಅಂತ ಕೂರ್ತೀಯಾ? ಇಬ್ಬರೂ ಸೇರ್ಕೊಂಡು ನನ್ನ ತವರು, ಮನೆ ಎರಡನ್ನೂ ಒಟ್ಟಿಗೇ ಮುಳುಗಿಸ್ಬೇಕು ಅಂತಿದ್ದೀರಾ?" ಎಂದು ಅವನ ಬೆನ್ನಿಗೆ ಎರಡು ಬಾರಿಸಿದೆ. ಹೆಂಡತಿಯಿರುವ ಗಂಡಸು, ಹೊಡೆಸಿಕೊಂಡು ನಿಂತಿದ್ದ.

"ಭಾವ ನನಗೆ ಕೆಲಸ ಕಲಿಸಿದವರು ಅಕ್ಕ. ನನ್ನ ಬಾಯಿಂದ ಹೆಂಗೆ ಹೇಳ್ಲಿ? ನಿನ್ನ ಮನೆ ಅಲ್ವಾ ಅದು" ಎಂದ.

ಅಲ್ಲಿಂದ ಶುರುವಾಯಿತು ನನ್ನ ನರಕ. ಅತ್ತ ದರಿ, ಇತ್ತ ಪುಲಿ. ಪಾಠ ಹೇಳಿಕೊಟ್ಟು ಇವರನ್ನು ಪಾಸು ಮಾಡಿಸಿದರೆ ನನ್ನ ತಮ್ಮನನ್ನು ನಾನೇ ಆ ತೊಲೆಯ ಕೆಳಗೆ ನಿಲ್ಲಿಸಿದಂತೆ. ಹೇಳಿಕೊಡದೆ ಬಿಟ್ಟರೆ, ಹುಡುಗಪ್ರಾಯದಿಂದ ಬೇರೆ ಏನೂ ಗೊತ್ತಿಲ್ಲದ ಈ ಮನುಷ್ಯ ಮನೆಯಲ್ಲಿ ಕೂತು ಕೊರಗಿ ಸಾಯುತ್ತಾರೆ. ಕ್ಲಿನಿಕ್ಕಿನ ಫೋನು ರಿಂಗಾದರೆ ಸಾಕು, ನನ್ನ ಜೀವ ಬಾಯಿಗೆ ಬರುತ್ತಿತ್ತು. "ಹಲ್ಲು ನೋವು" ಎಂದು ಯಾರಾದರೂ ನರಳಿದರೆ "ಅಬ್ಬ, ದೇವರೇ, ಬರೀ ಹಲ್ಲು ನೋವು" ಎಂದು ನಿಟ್ಟುಸಿರು ಬಿಡುತ್ತಿದ್ದೆ. ಹಲ್ಲಿನ ಡಾಕ್ಟರು ಒಂದು ದಿನ "ಏನಮ್ಮ, ಪೇಶಂಟಿಗೆ ನೋವು ಅಂದ್ರೆ ಖುಷಿ ಪಡ್ತೀಯಲ್ಲ?" ಎಂದು ಕೇಳಿಯೇಬಿಟ್ಟರು.

ಮನೆಯಲ್ಲಿ ಅವರೊಡನೆ ಗುದ್ದಾಡಿದೆ. "ನೀವೇ ಹೋಗಿ ಹೇಳ್ಬಿಡಿ. ವರ್ಕ್‌ಶಾಪಲ್ಲಿ ವೈರಿಂಗ್ ಕೆಲಸ ಕೊಡಿ ಅಂತ ಕೇಳಿ."

"ಕಾರ್ಡಿಲ್ಲದವನಿಗೆ ವರ್ಕ್‌ಶಾಪ್ ಯಾರು ಕೊಡ್ತಾರೆ? ಮೊದ್ಲು ಪಾಸಾಗ್ತೀನಿ. ಕಾರ್ಡ್ ಕೈಗೆ ಬಂದ ದಿನವೇ ನಾನೇ ಹೇಳ್ತೀನಿ."

"ಆಣೆ ಇಡಿ."

"ಅಮ್ಮನಾಣೆ" ಎಂದರು, ನನ್ನ ತುಟಿಯನ್ನೇ ನೋಡುತ್ತಾ.

ನಂಬಿದೆ. ನಂಬದೆ ಬೇರೆ ದಾರಿಯೂ ಇರಲಿಲ್ಲ. ಮತ್ತೆ ಎದುರಿಗೆ ಕೂತು ಪಾಠ ಶುರು ಮಾಡಿದೆ. ಈಗ ಕಲಿಸುತ್ತಿದ್ದದ್ದು ಮಾತನ್ನಲ್ಲ, ತುಟಿಯನ್ನು. ಇಂಗ್ಲಿಷಿನ 'ಕ್ಯಾನ್' ಎಂಬುದಕ್ಕೂ 'ಕೆನಾಟ್' ಎಂಬುದಕ್ಕೂ ಬಾಯಿ ಹೇಗೆ ತೆರೆಯುತ್ತದೆ, 'ವಿಲ್' ಎನ್ನುವಾಗ ತುಟಿ ಹೇಗೆ ಮುಂದೆ ಬರುತ್ತದೆ. ದನಿಯೇ ತೆಗೆಯದೆ ಗಂಟೆಗಟ್ಟಲೆ ಕೇಳುತ್ತಿದ್ದೆ, ಅವರು ಗಂಟೆಗಟ್ಟಲೆ ಉತ್ತರ ಹೇಳುತ್ತಿದ್ದರು. ಬೀದಿಗೆ ಈಗ ಅವರ ದನಿಯೊಂದೇ ಕೇಳಿಸುತ್ತಿತ್ತು. "ಮೇಷ್ಟ್ರಮ್ಮ ಎಲ್ಲಿ? ಶಿಷ್ಯನಿಗೆ ಪೂರ್ತಿ ಬಂದ್ಬಿಡ್ತಾ?" ಎಂದು ದರ್ಜಿ ಕೇಳಿದ. ಹೂಂ ಎಂದೆ.

ಪರೀಕ್ಷೆಯ ದಿನ ರಜೆ ಹಾಕಿ ಅವರ ಜೊತೆ ಹೋದೆ. ಹೊಸ ಆಫೀಸು, ಎಲ್ಲ ಕಡೆ ಗಾಜಿನ ಗೋಡೆ. ಒಳಗೆ ಕೂತು ಪ್ರಶ್ನೆ ಕೇಳುವವರು ಗಂಡಸಾಗಿದ್ದು, ದಪ್ಪ ಮೀಸೆ ಬಿಟ್ಟಿದ್ದರೆ ಗತಿಯೇನು ಎಂಬುದೊಂದೇ ಇವರ ಚಿಂತೆ. ನೋಡಿದರೆ ಎಂಜಿನಿಯರಮ್ಮ. ಬೇರೆ ಕಡೆಯಿಂದ ಬಂದವರು, ನಮ್ಮ ಭಾಷೆ ಬಾರದು. ಕಿಟಕಿಯ ಬೆಳಕು ನೇರ ಅವರ ಮುಖಕ್ಕೆ ಬೀಳುತ್ತಿತ್ತು. ಒಂದೊಂದು ಮಾತನ್ನೂ ಬಿಡಿಸಿ ಬಿಡಿಸಿ ಆಡುತ್ತಿದ್ದರು. ನನ್ನ ತಮ್ಮ ಮೊದಲು ಹೋಗಿ ಪಾಸಾಗಿ ಬಂದ. ಆಮೇಲೆ ಇವರು ಒಳಗೆ ಹೋದರು.

ಗಾಜಿನ ಆಚೆಗೆ ನನಗೂ ಏನೂ ಕೇಳಿಸಲಿಲ್ಲ. ಎಂಜಿನಿಯರಮ್ಮನ ತುಟಿ ಅಲ್ಲಾಡುತ್ತಿತ್ತು, ಆಮೇಲೆ ಇವರ ತುಟಿ ಅಲ್ಲಾಡುತ್ತಿತ್ತು. ನಿನ್ನೆ ಹಗ್ಗ ಬದಲಾಯಿಸಿದೆ ಎಂದರು, ನಾಳೆ ಬಾಗಿಲು ಸರಿ ಮಾಡುತ್ತೇನೆ ಎಂದರು. ನನಗೆ ಎಲ್ಲ ತಿಳಿಯುತ್ತಿತ್ತು. ಪ್ರತಿ ಉತ್ತರ ಸರಿಯಾದಾಗಲೂ ನನಗೆ ಹೆಮ್ಮೆಯಾಗುತ್ತಿತ್ತು, ಅದರ ಹಿಂದೆಯೇ ತಮ್ಮನ ಕಡೆ ನೋಡುತ್ತಿದ್ದೆ. ಕೊನೆಗೆ ಎಂಜಿನಿಯರಮ್ಮ ನಕ್ಕು ಕೈ ಕುಲುಕಿದರು.

ಹೊರಗೆ ಬಂದವರ ಮುಖ ಹೇಗಿತ್ತು ಎಂದರೆ, ನಮ್ಮ ಮದುವೆಯ ದಿನವೂ ಅವರನ್ನು ಹಾಗೆ ನೋಡಿರಲಿಲ್ಲ. ಹಸಿರು ಕಾರ್ಡನ್ನು ನನ್ನ ಅಂಗೈಯಲ್ಲಿಟ್ಟು ಮುಚ್ಚಿಸಿದರು. ಅಷ್ಟರಲ್ಲಿ ಕೆಲಸ ಹಂಚುವ ಗುಮಾಸ್ತ ಬಂದು ಅವರ ಎದುರಿಗೇ ನಿಂತು ಹೇಳಿದ, "ಡಾಕ್ಟರೇ, ನಾಳೆ ನೀವಿಬ್ರೂ ಹಳೇ ಆಸ್ಪತ್ರೆಗೆ. ಲಿಫ್ಟಿನ ಹಗ್ಗ ಪೂರ್ತಿ ಬದಲಾಯಿಸ್ಬೇಕು."

"ಆಗ್ಲಿ" ಎಂದರು ಇವರು.

ಗುಮಾಸ್ತ ಅತ್ತ ಹೋಗುತ್ತಲೇ ನಾನು ಅವರ ಮುಂದೆ ಹೋಗಿ ನಿಂತೆ. "ಏನ್ರೀ ಅದು, ಆಗ್ಲಿ? ಏನಂತ ಆಣೆ ಇಟ್ಟಿದ್ರಿ?"

"ಇದೊಂದು ಕೆಲಸ ಮುಗೀಲಿ. ಕಾರ್ಡ್ ಬಂದ ದಿನವೇ ಹೇಳಿದ್ರೆ ಚೆನ್ನಾಗಿರಲ್ಲ. ಒಂದೆರಡು ತಿಂಗಳು..."

ನಾನು ತಮ್ಮನ ಕಡೆ ತಿರುಗಿದೆ. "ಆ ಆಸ್ಪತ್ರೆಯಲ್ಲಿ ಸಿಗ್ನಲ್ ಸಿಗುತ್ತೇನೋ?"

ಅವನು ನೆಲ ನೋಡಿಕೊಂಡು ಹೇಳಿದ, "ಹಳೇ ಕಟ್ಟಡ ಅಕ್ಕ. ಗೋಡೆ ದಪ್ಪ."

ಆಮೇಲೆ ನಾನು ಯೋಚಿಸಲಿಲ್ಲ. ಯೋಚಿಸಿದ್ದರೆ ಕಾಲು ಏಳುತ್ತಿರಲಿಲ್ಲ. ಆ ಗಾಜಿನ ಬಾಗಿಲು ತಳ್ಳಿಕೊಂಡು ಒಳಗೆ ಹೋದೆ. ಎಂಜಿನಿಯರಮ್ಮ ತಲೆಯೆತ್ತಿ ನೋಡಿದರು. ಕ್ಲಿನಿಕ್ಕಿನಲ್ಲಿ ಅಷ್ಟು ಸಲೀಸಾಗಿ ಬರುತ್ತಿದ್ದ ನನ್ನ ಇಂಗ್ಲಿಷ್ ಎಲ್ಲಿಗೆ ಹಾರಿಹೋಯಿತೋ! ಉಳಿದಿದ್ದದ್ದು ನಾನೇ ನಮ್ಮವರಿಗೆ ದಿನಾ ಹೇಳಿಕೊಟ್ಟ ಪಾಠ ಮಾತ್ರ.

"ಮೇಡಮ್, ಮೈ ಹಸ್ಬೆಂಡ್ ಕುಡ್ ಹಿಯರ್. ನೌ ಹಿ ಕೆನಾಟ್ ಹಿಯರ್. ಟುಮಾರೋ ಮೈ ಬ್ರದರ್ ವಿಲ್ ಡೈ."

ನನ್ನ ಗಂಡನಿಗೆ ಮೊದಲು ಕೇಳಿಸುತ್ತಿತ್ತು, ಈಗ ಕೇಳಿಸುವುದಿಲ್ಲ, ನಾಳೆ ನನ್ನ ತಮ್ಮ ಸಾಯುತ್ತಾನೆ. ಎಂಜಿನಿಯರಮ್ಮನಿಗೆ ಒಂದೇ ಸಲಕ್ಕೆ ಅರ್ಥವಾಗಲಿಲ್ಲ. ಇನ್ನೊಮ್ಮೆ ಹೇಳಿಸಿದರು. ಇನ್ನೊಮ್ಮೆ ಹೇಳಿದೆ, ನಿಧಾನವಾಗಿ, ತುಟಿ ಬಿಡಿಸಿ. ಹೇಳುತ್ತಾ ಹೇಳುತ್ತಾ ಪಕ್ಕಕ್ಕೆ ನೋಡಿದರೆ ಗಾಜಿನ ಆಚೆ ನನ್ನ ಗಂಡ ನಿಂತಿದ್ದರು. ಅವರ ಕಣ್ಣು ನನ್ನ ತುಟಿಯ ಮೇಲಿತ್ತು. ಒಂದಕ್ಷರವೂ ಬಿಡದೆ ಓದಿಕೊಳ್ಳುತ್ತಿದ್ದರು.

ಒಳಗೆ ಬಂದರು. ಎಂಜಿನಿಯರಮ್ಮ ಅವರ ಮುಖ ನೋಡಿ ಇದು ನಿಜವೇ ಎಂದು ಕೇಳಿದರು. ಸುಳ್ಳು ಎನ್ನಬಹುದಾಗಿತ್ತು. ಆಗ ತಾನೇ ಅಷ್ಟು ಪ್ರಶ್ನೆಗೆ ಉತ್ತರ ಕೊಟ್ಟ ಮನುಷ್ಯನನ್ನು ಬಿಟ್ಟು ಬೆವರು ಸುರಿಸುತ್ತಾ ನಿಂತ ಹೆಂಗಸನ್ನು ಯಾರು ನಂಬುತ್ತಿದ್ದರು? ಇವರು ಒಮ್ಮೆ ಗಾಜಿನ ಆಚೆ ನಿಂತಿದ್ದ ನನ್ನ ತಮ್ಮನನ್ನು ನೋಡಿದರು. ಆಮೇಲೆ "ಯೆಸ್, ಮೇಡಮ್" ಎಂದರು. ನನ್ನ ಮುಷ್ಟಿ ಬಿಡಿಸಿ ಹಸಿರು ಕಾರ್ಡು ತೆಗೆದು ಮೇಜಿನ ಮೇಲಿಟ್ಟು ಹೊರಟುಹೋದರು.

ಮನೆಗೆ ಕಳಿಸಲಿಲ್ಲ, ಅದೊಂದು ಪುಣ್ಯ. ವರ್ಕ್‌ಶಾಪಿನಲ್ಲಿ ಬಟನ್ ಪೆಟ್ಟಿಗೆಗಳಿಗೆ ವೈರು ಜೋಡಿಸುವ ಕೆಲಸ ಕೊಟ್ಟರು. ಅಲ್ಲಿ ಹೊಸದಾಗಿ ಸೇರಿದ ಹುಡುಗಿಯರ ಸಾಲಿನಲ್ಲಿ ಕೂರಬೇಕು. ಅಲ್ಲಿ ಯಾರೂ ಅವರನ್ನು ಡಾಕ್ಟರ್ ಎಂದು ಕರೆಯುವುದಿಲ್ಲ. ಅತ್ತೆಗೆ ವಿಷಯ ಗೊತ್ತಾದಾಗ "ಗಂಡನ ಮರ್ಯಾದೆ ಬೀದಿಗೆ ತಂದೆಯಲ್ಲೇ" ಎಂದರು. ಸಂಜೆಗೆ ಮತ್ತೆ ಅವರೇ "ನಿನ್ನ ಜಾಗದಲ್ಲಿ ನಾನಿದ್ದಿದ್ರೂ ಅದೇ ಮಾಡ್ತಿದ್ದೆ" ಎಂದು ಸೆರಗಿನಲ್ಲಿ ಕಣ್ಣೊರಸಿಕೊಂಡರು.

ನಮ್ಮವರು ಮಾತ್ರ ನನ್ನ ಮುಖ ನೋಡುವುದನ್ನು ಬಿಟ್ಟರು. ಬೇರೆ ಗಂಡಂದಿರು ಮುನಿಸಿಕೊಂಡರೆ ಹೆಂಡತಿಯ ಮಾತಾದರೂ ಕಿವಿಗೆ ಬೀಳುತ್ತದೆ. ಅತ್ತು ಕರೆದು, ಕೂಗಾಡಿ, ಹೇಗೋ ಒಳಗೆ ಹೋಗಬಹುದು. ನನ್ನವರು ಮುಖ ತಿರುಗಿಸಿದರೆ ಮುಗಿಯಿತು, ಮಾತು ಹೋಗಲು ದಾರಿಯೇ ಇಲ್ಲ. ತಟ್ಟೆ ನೋಡಿಕೊಂಡು ಉಣ್ಣುತ್ತಿದ್ದರು. ಗೋಡೆ ನೋಡಿಕೊಂಡು ಮಲಗುತ್ತಿದ್ದರು. ನಾನು ಮಾಡಿದ್ದು ಸರಿ ಎಂದು ಹಗಲೆಲ್ಲ ಅನಿಸುತ್ತಿತ್ತು. ಸಂಜೆ ಅವರ ಬೆನ್ನು ಕಂಡರೆ ಯಾಕಾದರೂ ಇವರಿಗೆ ತುಟಿ ಓದುವುದನ್ನು ಅಷ್ಟು ಚೆನ್ನಾಗಿ ಕಲಿಸಿದೆನೋ ಎಂದು ಸಂಕಟವಾಗುತ್ತಿತ್ತು.

ಹೀಗೇ ದಿನ ಹೋಗುತ್ತಿರುವಾಗ ಒಂದು ಸಂಜೆ ತಮ್ಮ ಕೆಲಸದ ಬಟ್ಟೆಯಲ್ಲೇ ಬಂದ. ಆಸ್ಪತ್ರೆಯ ಲಿಫ್ಟಿನ ಕೆಲಸ ಅಂದು ಮುಗಿದಿತ್ತು. ಕುಡಿಯಲು ನೀರು ಕೊಟ್ಟರೆ ಮುಟ್ಟದೆ ಪಕ್ಕಕ್ಕಿಟ್ಟ.

"ಏನಾಯ್ತೋ?"

ಅವನು ನನಗೆ ಹೇಳಲಿಲ್ಲ. ಭಾವನ ಮುಂದೆ ಹೋಗಿ ಮಂಡಿಯೂರಿ ಕೂತ. ಅವರು ಅವನ ಮುಖ ನೋಡಿದರು.

"ಗ್ರೀಸ್ ಮೇಲೆ ಕಾಲಿಟ್ಬಿಟ್ಟೆ ಭಾವ. ಜಾರಿ ಪಕ್ಕಕ್ಕೆ ಬಿದ್ದೆ. ಕಾಲು ಲಿಫ್ಟ್‌ಗೂ ಗೋಡೆಗೂ ನಡುವೆ ಸಿಕ್ಕೊಳ್ತು. ಲಿಫ್ಟ್ ಹತ್ತುತ್ತಾ ಇತ್ತು. ನಿಲ್ಸು ಅಂತ ಕೂಗ್ದೆ. ಮೇಲೆ ಇದ್ದೋನಿಗೆ ಕೇಳಿಸ್ತು."

"ಫೋನು?" ಎಂದರು ನನ್ನ ಗಂಡ.

"ಜೇಬಿಂದ ಜಾರಿ ಕೆಳಗೆ ಬಿದ್ದೋಯ್ತು ಭಾವ."

ಅವರು ಅವನ ಪ್ಯಾಂಟನ್ನು ಮಂಡಿಯವರೆಗೆ ಎತ್ತಿ ನೋಡಿದರು. ತರಚಿದ ಗಾಯ ಬಿಟ್ಟರೆ ಬೇರೇನೂ ಇರಲಿಲ್ಲ. ಕಾಲಿನ ಮೂಳೆಯ ಉದ್ದಕ್ಕೂ ಒತ್ತಿ ನೋಡಿದರು. ಆಮೇಲೆ ಭುಜ ಮುಟ್ಟಿದರು, ತಲೆ ಮುಟ್ಟಿದರು. ಅವನ ತಲೆಯನ್ನು ಎದೆಗೆ ಒತ್ತಿಕೊಂಡು ದನಿ ತೆಗೆದು ಅತ್ತರು. ಅವರು ಹಾಗೆ ಅತ್ತದ್ದನ್ನು ನಾನು ಎಂದೂ ಕೇಳಿರಲಿಲ್ಲ. ಅಷ್ಟು ಜೋರಾಗಿ ಅಳುತ್ತಿದ್ದೇನೆ ಎಂದು ಅವರಿಗೆ ಗೊತ್ತಿರಲಿಲ್ಲ.

ಬಹಳ ಹೊತ್ತಿನ ಮೇಲೆ ಅವನನ್ನು ಬಿಟ್ಟು, ಕಣ್ಣೊರಸಿಕೊಂಡು ನನ್ನ ಕಡೆ ತಿರುಗಿದರು.

"ಇವನಿಗೆ ಊಟ ಹಾಕು" ಎಂದರು.

ಹೇಳಿ ಮುಖ ತಿರುಗಿಸಿಕೊಳ್ಳಲಿಲ್ಲ. ನಾನು ಏನು ಹೇಳುತ್ತೇನೋ ಎಂದು ನನ್ನ ತುಟಿಯನ್ನೇ ನೋಡುತ್ತಾ ಕೂತರು.